ಸಾಲ ಯಾರಿಗೆ ಅಂತ ಆಪ್ ತೀರ್ಮಾನಿಸಿದರೆ ನ್ಯಾಯವಾ?

ಸಕಲೇಶಪುರ_ತೋಟ: ನಮ್ಮ ಸಂಘದಲ್ಲಿ ಈಗ ಸಾಲ ಕೇಳಿದವರಿಗೆಲ್ಲ ಒಂದು ಆಪ್ ಅಂಕ ಕೊಡುತ್ತದೆ. ತಿಂಗಳ ಸಂಬಳದವರಿಗೆ ಜಾಸ್ತಿ, ಕಾಫಿ ಬೆಳೆಗಾರರಿಗೆ ಕಮ್ಮಿ, ಯಾಕಂದ್ರೆ ನಮ್ಮ ಕೈಗೆ ದುಡ್ಡು ಬರುವುದೇ ಕೊಯ್ಲು ಮುಗಿದ ಮೇಲೆ. ಎಲ್ಲರಿಗೂ ಒಂದೇ ನಿಯಮ, ಇನ್ನೇನು ತಕರಾರು ಅಂತಾರೆ. ಸರಿನಾ ಇದು?

ಹೇಮಾವತಿ_ದಂಡೆ: ನಿಯಮ ಒಂದೇ ಇದ್ದರೆ ಸಾಲದು. ಆರೋಪಿ ಮತ್ತೆ ತಪ್ಪು ಮಾಡುವ ಸಂಭವ ಎಷ್ಟು ಅಂತ ಅಂಕ ಕೊಡುವ, ಅಮೆರಿಕದ ಕೋರ್ಟುಗಳಲ್ಲಿ ಬಳಸುವ ಕಾಂಪಾಸ್ ತಂತ್ರಾಂಶವನ್ನು 2016ರಲ್ಲಿ ಪ್ರೋಪಬ್ಲಿಕಾ ಪತ್ರಕರ್ತರು ಪರೀಕ್ಷಿಸಿದರು. ಮತ್ತೆ ತಪ್ಪು ಮಾಡದವರನ್ನೂ 'ಅಪಾಯ ಜಾಸ್ತಿ' ಪಟ್ಟಿಗೆ ಸೇರಿಸಿದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಎರಡು ಪಟ್ಟು. ಅದನ್ನು ಮಾಡಿದ ಕಂಪನಿಯವರು, ಒಂದೇ ಅಂಕ ಬಂದವರು ಯಾವ ಬಣ್ಣದವರಾದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಪ್ಪು ಮಾಡಿದ್ದಾರೆ ಅಂದರು. ಎರಡೂ ಲೆಕ್ಕ ಸರಿಯೇ! ಮತ್ತೆ ತಪ್ಪು ಮಾಡುವವರ ಪ್ರಮಾಣವೇ ಗುಂಪಿನಿಂದ ಗುಂಪಿಗೆ ಬೇರೆಬೇರೆ ಇದ್ದಾಗ ಈ ಎರಡು ನ್ಯಾಯ ಒಟ್ಟಿಗೆ ಸಿಗುವುದಿಲ್ಲ. ಯಾವುದು ಬೇಕು ಅಂತ ಜನರೇ ಹೇಳಬೇಕು.

ಬೇಲೂರು_ರಸ್ತೆ: ಸುಮ್ನೆ ಸಭೆಯಲ್ಲಿ ಕೈ ಎತ್ತಿಸಿ ಅಂತೀರಾ? ಅದೂ ಸಲೀಸಲ್ಲ ಸ್ವಾಮಿ. ಮೂರು ಆಯ್ಕೆ ಇದ್ದರೆ ಬಹುಮತವೇ ಸುತ್ತು ಹೊಡೆಯಬಹುದು, ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು ಸೋಲಿಸುತ್ತದೆ. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ತೋರಿಸಿದ್ದು. ಅದಕ್ಕಿಂತ ಮೊದಲು ಒಂದು ಕೇಳಿ: ಚೆನ್ನಾಗಿ ತೀರಿಸಿದ ಬೆಳೆಗಾರರಲ್ಲಿ ಎಷ್ಟು ಜನಕ್ಕೆ ಆಪ್ ಬೇಡ ಅಂದಿದೆ?

ಸಕಲೇಶಪುರ_ತೋಟ: ಹಳೇ ಸಾಲದ ಪುಸ್ತಕ ಕಾರ್ಯದರ್ಶಿ ಹತ್ತಿರ ಇದೆ. ಅದನ್ನೇ ಆಪ್‌ಗೆ ಹಾಕಿಸಿ ನೋಡೋಣ.