ಎರಡನೇ ಅಧ್ಯಾಯ ೨.೧ ಬದಲು ೨.೪ ಇಂದ ಶುರುವಾಗುತ್ತಿದೆ (ಸಿಎಸ್‌ಎಸ್ ಕೌಂಟರ್)

ಮಳೆಹನಿ:
ನಮ್ಮ ಅಪಾರ್ಟ್‌ಮೆಂಟ್ ಸಂಘದ ನಿಯಮಗಳನ್ನು ಒಂದೇ ವೆಬ್ ಪುಟಕ್ಕೆ ಹಾಕುತ್ತಿದ್ದೇನೆ. ನಡುವೆ ಒಂದು ನಿಯಮ ಸೇರಿಸಿದರೆ ಕೆಳಗಿನ ನಂಬರೆಲ್ಲ ತಿದ್ದಬೇಕಲ್ಲ, ಅದಕ್ಕೇ ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕೆಂದು ಹೇಳುವ ಭಾಷೆ) ಕೌಂಟರ್, ಅಂದರೆ ತಾನೇ ನಂಬರ್ ಹಾಕುವ ಎಣಿಕೆ, ಬಳಸಿದೆ. ಬಾಡಿಯಲ್ಲಿ (ಪುಟದ ಎಲ್ಲವನ್ನೂ ಒಳಗೊಂಡ ಭಾಗ) ‘ಅಧ್ಯಾಯ’ ಕೌಂಟರ್ ರೀಸೆಟ್, ಅಂದರೆ ಸೊನ್ನೆಯಿಂದ ಶುರು. ಎಚ್2 (ಅಧ್ಯಾಯದ ಶೀರ್ಷಿಕೆ) ಬಂದಾಗಲೆಲ್ಲ ಅದು ಒಂದು ಹೆಚ್ಚುತ್ತದೆ, ಜೊತೆಗೆ ‘ನಿಯಮ’ ರೀಸೆಟ್ ಆಗುತ್ತದೆ. ಎಚ್3 (ನಿಯಮದ ಶೀರ್ಷಿಕೆ) ಬಂದರೆ ‘ನಿಯಮ’ ಹೆಚ್ಚುತ್ತದೆ. ಮೊನ್ನೆವರೆಗೂ ಚೆನ್ನಾಗಿತ್ತು. ಈಗ ಪಾರ್ಕಿಂಗ್ ಅಧ್ಯಾಯ ೧.೧, ೧.೨, ೧.೩. ಮುಂದಿನ ನೀರಿನ ಅಧ್ಯಾಯ ೨.೪! ಸಿಎಸ್‌ಎಸ್‌ನಲ್ಲಿ ಒಂದಕ್ಷರ ಮುಟ್ಟಿಲ್ಲ.

ಚುಕ್ಕಿಗೆರೆ:
ಎಚ್‌ಟಿಎಂಎಲ್ ಮುಟ್ಟಿದ್ದೀರಾ? ಅಂದರೆ ಪುಟದ ರಚನೆ; ಎಚ್2 ಈಗ ಯಾವುದಾದರೂ ಡಿವ್ (ಪುಟದ ಭಾಗಗಳನ್ನು ಗುಂಪು ಮಾಡುವ ಡಬ್ಬಿ) ಒಳಗಿದೆಯಾ?

ಮಳೆಹನಿ:
ಹೌದು, ಪಕ್ಕದಲ್ಲಿ ‘ಮೇಲಕ್ಕೆ ಹೋಗಿ’ ಲಿಂಕ್ ಕೂರಿಸೋಕೆ ಎರಡನ್ನೂ ಒಂದು ಡಿವ್‌ಗೆ ಹಾಕಿದೆ. ಅದಕ್ಕೂ ನಂಬರಿಗೂ ಏನು ಸಂಬಂಧ ಸಾರ್?

ಚುಕ್ಕಿಗೆರೆ:
ಇರೋದೇ ಅಲ್ಲಿ. ರೀಸೆಟ್ ಮಾಡಿದ ಕೌಂಟರ್ ಆ ಎಲಿಮೆಂಟಿಗೆ (ಎಚ್2, ಡಿವ್ ಥರದ ಪುಟದ ಭಾಗ), ಅದರ ಮಕ್ಕಳಿಗೆ (ಅದರ ಒಳಗಿರುವವು), ಅದರ ನಂತರ ಬರುವ ಒಡಹುಟ್ಟಿದವರಿಗೆ (ಅದೇ ಡಬ್ಬಿಯಲ್ಲಿ ಅಕ್ಕಪಕ್ಕ ಇರುವವು), ಅವರ ಮಕ್ಕಳಿಗೆ ಮಾತ್ರ ಕಾಣುತ್ತದೆ. ಮೊದಲು ಎಚ್2, ಎಚ್3 ಅಕ್ಕಪಕ್ಕ ಇದ್ದವು. ಈಗ ಎಚ್2 ಡಿವ್ ಒಳಗೆ ಹೋಯಿತು, ಅದರ ರೀಸೆಟ್ ಡಿವ್ ಬಾಗಿಲು ದಾಟುವುದಿಲ್ಲ. ಹೊರಗಿರುವ ಮೊದಲ ಎಚ್3 ‘ನಿಯಮ’ ಕಾಣದೆ ತಾನೇ ಒಂದು ಹುಟ್ಟಿಸಿಕೊಳ್ಳುತ್ತದೆ. ಉಳಿದ ಎಚ್3ಗಳು ಅದನ್ನೇ ಎಣಿಸುತ್ತಾ ಹೋಗುತ್ತವೆ. ಅದಕ್ಕೇ ೨.೪. ‘ಅಧ್ಯಾಯ’ ಸರಿಯಿರೋದು ಅದು ಬಾಡಿಯಲ್ಲಿ ಹುಟ್ಟಿದ್ದಕ್ಕೆ.

‘ನಿಯಮ’ದ ರೀಸೆಟ್ ಸಾಲನ್ನು ಎಚ್2 ಇಂದ ತೆಗೆದು ಆ ಡಿವ್‌ಗೆ ಕೊಡಿ. ಅಷ್ಟೇ.

ಮಳೆಹನಿ:
ಡಿವ್ ಬೇಡ, ‘ನಿಯಮ’ವನ್ನೂ ಬಾಡಿಯಲ್ಲಿ ರೀಸೆಟ್ ಮಾಡಿಬಿಟ್ಟರೆ?

ಚುಕ್ಕಿಗೆರೆ:
ಬರೀ ಅಷ್ಟಕ್ಕೆ ಆಗಲ್ಲ. ಎಚ್2 ಒಳಗೆ ಅದೇ ಹೆಸರಿನ ಇನ್ನೊಂದು ಕೌಂಟರ್ ಹುಟ್ಟುತ್ತದೆ, ಹೊರಗಿನದು ತನ್ನ ಪಾಡಿಗೆ ೨.೪ ಅನ್ನುತ್ತದೆ. ಆ ದಾರಿಯೇ ಬೇಕಂದ್ರೆ ಎಚ್2ನಲ್ಲಿ ರೀಸೆಟ್ ಬದಲು ‘ಕೌಂಟರ್-ಸೆಟ್’ ಬರೆದು ಸೊನ್ನೆ ಕೊಡಿ. ಅದು ಹೊಸದು ಹುಟ್ಟಿಸದೆ ಇರುವುದರ ಬೆಲೆಯನ್ನೇ ಬದಲಿಸುತ್ತದೆ. ಹಳೇ ಸಫಾರಿಯಲ್ಲಿ ನಡೆಯಲ್ಲ, ನಾನಾದರೆ ಡಿವ್ ದಾರಿಯೇ ಹಿಡಿಯುತ್ತಿದ್ದೆ.

ಮಳೆಹನಿ:
ಡಿವ್‌ಗೆ ಕೊಟ್ಟೆ, ೨.೧ ಬಂತು! ಥ್ಯಾಂಕ್ಸ್.

ಇಡ್ಲಿ_ವಡೆ:
ನಡುವೆ ಬಾಯಿ ಹಾಕುತ್ತೇನೆ. ಸಂಘದ ನಿಯಮಕ್ಕೆ ಕೌಂಟರ್ ಯಾಕೆ? ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು. ಸಭೆಯಲ್ಲಿ ಯಾರೋ “೩.೨ ತೆಗೀರಿ” ಅಂದರು, ಪುಟದಲ್ಲಿ ಹುಡುಕಿದರೆ ಸಿಗಲಿಲ್ಲ. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ನಂಬರೇ ಬರಲಿಲ್ಲ. ಬಿಫೋರ್‌ನಲ್ಲಿ (ಶೀರ್ಷಿಕೆಯ ಮುಂದೆ ಸಿಎಸ್‌ಎಸ್ ತಾನೇ ಸೇರಿಸುವ ತುಣುಕು) ಹುಟ್ಟಿದ ಅಂಕಿ ಪುಟದ ಪಠ್ಯವೇ ಅಲ್ಲ ನೋಡಿ. ಆಮೇಲೆ ನಡುವೆ ಒಂದು ನಿಯಮ ಸೇರಿತು. ಹಳೇ ನಡಾವಳಿ ಪುಸ್ತಕದ ೩.೨ ಈಗ ೩.೩.

ಮಳೆಹನಿ:
ಅಯ್ಯೋ. ನಮ್ಮ ನಡಾವಳಿ ಪುಸ್ತಕದಲ್ಲೂ ಬರೀ ನಂಬರೇ ಇದೆ.

ಚುಕ್ಕಿಗೆರೆ:
ಹಾಗಿದ್ರೆ ಇಡ್ಲಿ_ವಡೆ ಹೇಳಿದ್ದೇ ಸರಿ. ನಿಯಮಗಳ ನಂಬರ್ ಕೈಯಲ್ಲೇ ಬರೆಯಿರಿ, ತೆಗೆದ ನಿಯಮದ ಜಾಗದಲ್ಲಿ ‘ರದ್ದಾಗಿದೆ’ ಅಂತ ಬಿಡಿ. ಕೌಂಟರನ್ನು ‘ಗೇಟ್ ಪಾಸ್ ಪಡೆಯುವ ಹಂತಗಳು’ ಥರದ್ದಕ್ಕೆ ಇಟ್ಟುಕೊಳ್ಳಿ.