ಕ್ವಾರಿ ಬ್ಲಾಸ್ಟ್: 6 ಹರ್ಟ್ಸ್‌ನಲ್ಲಿ 7.4, ಬೂಸ್ಟರ್ ದೋಷವೋ ಮೀಟರ್ ದೋಷವೋ?

ಕಾಳಿತೀರ: ತಲೆ ಕೆಟ್ಟುಹೋಗಿದೆ. ಅಂಕೋಲಾ ಕಡೆ ಕಲ್ಲು ಕ್ವಾರಿ. ಪಕ್ಕದ ಮನೆಯಲ್ಲಿ ಕಂಪನ 6 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 6 ಸಲ ಅಲುಗಾಟ) 7.4 ಮಿ.ಮೀ./ಸೆಕೆಂಡ್. ಚಾರ್ಜ್ (ಸ್ಫೋಟಕದ ಪ್ರಮಾಣ) ಕಮ್ಮಿ ಮಾಡಿದರೂ ಇಳೀತಾ ಇಲ್ಲ. ಬೂಸ್ಟರ್ ಬೇರೆ ಕಂಪನಿದು ಬಂದಿದೆ, ಅದೇ ಕಾರಣವಾ?

ಘಟ್ಟದಮೇಲೆ: ಬೂಸ್ಟರೇ. ಒಂದು ಹೋಲ್ ಸರಿಯಾಗಿ ಸಿಡೀದಿದ್ರೆ ಹಿಂದಿನ ಸಾಲಿಗೆ ಬರ್ಡನ್ (ಮುಂದೆ ಒಡೆಯಬೇಕಾದ ಕಲ್ಲಿನ ದಪ್ಪ) ಏರ್ತದೆ, ಕಂಪನವೂ ಏರ್ತದೆ. ವಾಪಸ್ ಕಳಿಸಿ.

ಚಿರೆಕಲ್ಲು: ಎಮಲ್ಶನ್ ಸ್ಫೋಟಕಕ್ಕೆ ಬರೀ ಡಿಟೋನೇಟರ್ ಏಟು ಸಾಲದ ಕಡೆ ನಡುವೆ ನಿಂತು ಏಟು ದಾಟಿಸೋದು ಬೂಸ್ಟರ್. ಅದು ಕೈಕೊಟ್ರೆ ಕೇಸರಿ ಹೊಗೆ, ಒಡೆಯದೇ ಉಳಿದ ಬೋಲ್ಡರ್ ಕಾಣ್ಬೇಕು. ಕಂಡಿದ್ಯಾ? ದೂರ ಎಷ್ಟು? ನೆಲದ ಕಂಪನ ಹಿಡಿಯೋ ಜಿಯೋಫೋನ್ ಎಲ್ಲಿಟ್ಟಿದ್ರಿ?

ಕಾಳಿತೀರ: ಹೊಗೆ ಬಿಳಿ, ಕಲ್ಲು ಚೆನ್ನಾಗೇ ಒಡೆದಿದೆ. 420 ಮೀಟರ್. ಎಲ್ಲರೂ ಇಡೋ ಹಾಗೆ ಜಗಲಿ ಮೇಲೆ.

ಘಟ್ಟದಮೇಲೆ: ಬಿಳಿ ಹೊಗೆ ಅಂತ ನಂಬ್ಬೇಡಿ. ಬ್ಯಾಚ್ ನಂಬರ್ ಹಾಕಿ.

ಮಾಪಕ: ಅಮೆರಿಕದಲ್ಲಿ 19ರವರೆಗೆ ಬಿಡ್ತಾರೆ, 7ಕ್ಕೆಲ್ಲ ಹೆದರೋದ್ಯಾಕೆ?

ಚಿರೆಕಲ್ಲು: ಅದು ಅಲ್ಲಿನ ಮನೆಗೆ ಮಾರಾಯ್ರೆ. ಇಲ್ಲಿ 1997ರ ಡಿಜಿಎಂಎಸ್ (ಗಣಿ ಸುರಕ್ಷತಾ ಮಹಾನಿರ್ದೇಶನಾಲಯ) ಸುತ್ತೋಲೆ: ಬೇರೆಯವರ ವಾಸದ ಮನೆಗೆ 8 ಹರ್ಟ್ಸ್‌ಗಿಂತ ಕೆಳಗೆ 5, 8ರಿಂದ 25ರವರೆಗೆ 10, ಅದರ ಮೇಲೆ 15. ನಿಮ್ಮ 6ಕ್ಕೆ ಮಿತಿ 5. ಕಾಳಿತೀರ, ಬರೀ ಪೀಕ್ (ಅತಿ ಹೆಚ್ಚಿನ ರೀಡಿಂಗ್) ಬೇಡ, ಅಲೆಯ ಗ್ರಾಫ್ ನೋಡಿ. ಪೀಕ್ ಎಷ್ಟನೇ ಸೆಕೆಂಡಿಗೆ?

ಕಾಳಿತೀರ: ಟ್ರಿಗರ್ ಆಗಿ, ಅಂದ್ರೆ ಮೀಟರ್ ರೆಕಾರ್ಡ್ ಶುರು ಮಾಡಿ 1.1 ಸೆಕೆಂಡಿಗೆ. ಮೊದಲಿಗೆ ಬಂದದ್ದು ಬರೀ 2.

ಚಿರೆಕಲ್ಲು: ಸಿಕ್ತು. ಕಲ್ಲೊಳಗಿನ ಅಲೆ 0.1 ಸೆಕೆಂಡಲ್ಲೇ ಬಂದು ಮುಟ್ಟಿರ್ತದೆ. ಸದ್ದಿಗೆ 420 ಮೀಟರ್ ದಾಟಲು 1.2 ಬೇಕು. ಎರಡರ ನಡುವೆ 1.1, ನಿಮ್ಮ ಪೀಕ್ ಬಂದದ್ದೂ ಆಗಲೇ. ನಿಮ್ಮ 7.4 ಗಾಳಿಯ ಒತ್ತಡ, ಸಡಿಲ ಕೂತ ಜಿಯೋಫೋನನ್ನು ಅಲ್ಲಾಡಿಸಿದ್ದು. ಗಾಳಿ ಒತ್ತಡ ಅಳೆಯೋ ಮೈಕ್ ಚಾನೆಲ್‌ನಲ್ಲೂ ಅದೇ ಹೊತ್ತಿಗೆ ಪೀಕ್ ಇರ್ಬೇಕು.

ಕಾಳಿತೀರ: ಮೈಕ್ ಹಾಕಿಲ್ಲ. ಕಡಲ ಗಾಳಿಗೆ ಸುಮ್ಸುಮ್ನೆ ಟ್ರಿಗರ್ ಆಗ್ತಿತ್ತು.

ಚಿರೆಕಲ್ಲು: ಅದನ್ನ ಮೊದಲೇ ಹೇಳ್ಬಾರ್ದಾ! ಮೈಕಿಗೆ ಸ್ಪಾಂಜ್ ಟೊಪ್ಪಿ ಹಾಕಿ, ಟ್ರಿಗರ್ ಜಿಯೋಫೋನಿಗೆ ಮಾತ್ರ ಇಡಿ. ಜಿಯೋಫೋನ್ ಜಗಲಿಯಿಂದ ಇಳಿಸಿ, ಬ್ಲಾಸ್ಟ್ ಕಡೆಯ ಗೋಡೆಯ ಹೊರಗೆ, 3 ಮೀಟರ್ ದಾಟದ ಹಾಗೆ, ಜಿಯೋಫೋನ್ ಎತ್ತರದ ಮೂರು ಪಟ್ಟು ಆಳ ಗುಂಡಿ ತೋಡಿ. ಅದರ ಮೇಲಿನ ಬಾಣದ ಗುರುತು ಬ್ಲಾಸ್ಟ್ ಕಡೆಗೆ, ಅಡಿಯ ಮೊಳೆ ಪೂರ್ತಿ ಇಳೀಬೇಕು, ಲೆವೆಲ್ ನೋಡಿ ಮಣ್ಣು ತುಳಿದು ಗಟ್ಟಿ ಮಾಡಿ. ಮೊಳೆ ಇಳಿಯದಷ್ಟು ಗಟ್ಟಿ ಕೆಂಪುನೆಲವಾದ್ರೆ 4.5 ಕಿಲೋ ಮರಳು ಹಾಕಿದ ಸಡಿಲ ಚೀಲ ಅಗಲಕ್ಕೆ ಹರಡಿ ಹೇರಿ. ಚೀಲ ಬಿಗಿಯಾಗಿ ತುಂಬಿದ್ರೆ ಅದೇ ಕುಣೀತದೆ. ಸ್ಟೆಮ್ಮಿಂಗ್ (ಹೋಲಿನ ಬಾಯಿ ಮುಚ್ಚಲು ತುಂಬಿದ್ದು) ಹಾರ್ತಿದ್ಯಾ ಅಂತಲೂ ನೋಡಿ. ಗಾಳಿ ಒತ್ತಡ ಇಷ್ಟು ಬರೋದು ಹೆಚ್ಚಾಗಿ ಅಲ್ಲಿಂದಲೇ.

ಘಟ್ಟದಮೇಲೆ: ಬ್ಯಾಚ್ ನಂಬರ್ ಇನ್ನೂ ಬಂದಿಲ್ಲ.

ಮಾಪಕ: ನಮ್ಮಲ್ಲಿ ಮೂರು ಕಂಪನ ಮೀಟರ್, ಸೋಲಾರ್, ರೀಡಿಂಗ್ ಸೀದಾ ಮೊಬೈಲಿಗೇ. ಫೋಟೋ ಹಾಕ್ಲಾ?