ಆರರಿಂದ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ವಾಲಿಬಾಲ್: ಸರ್ಕಾರಿ ಶಾಲೆಯಲ್ಲಿ ಆರಂಭಿಸುವುದು ಹೇಗೆ?

ಪ್ರಶ್ನೆ: ಎಸ್‌ಡಿಎಂಸಿ ಸದಸ್ಯೆ, ಪಾಂಡವಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನನ್ನ ಮಗಳು ಅಲ್ಲಿಯೇ ಏಳನೇ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯ ಅಂಗಳದಲ್ಲಿ ವಾಲಿಬಾಲ್ ಕಂಬಗಳನ್ನು ನೆಟ್ಟು ಬಹಳ ವರ್ಷಗಳಾಗಿವೆ. ಆದರೆ ಆಟದ ಪೀರಿಯಡ್ ಬಂದೊಡನೆ ಗಂಡುಮಕ್ಕಳು ಆ ಕಂಬಗಳ ಕಡೆಗೆ ಓಡುತ್ತಾರೆ, ಹೆಣ್ಣುಮಕ್ಕಳು ಪಕ್ಕದಲ್ಲಿ ಥ್ರೋಬಾಲ್ ಅಥವಾ ಖೋ ಖೋ ಆಡುತ್ತಾರೆ. ಇದನ್ನು ಯಾರೂ ನಿಯಮವೆಂದು ಬರೆದಿಟ್ಟಿಲ್ಲ, ಮೊದಲಿನಿಂದಲೂ ಹಾಗೆಯೇ ನಡೆದುಕೊಂಡು ಬಂದಿದೆ.

ಕಳೆದ ತಿಂಗಳು ನನ್ನ ಮಗಳೂ ಅವಳ ಎಂಟು ಜನ ಗೆಳತಿಯರೂ ಸೇರಿ, ತಮಗೂ ವಾಲಿಬಾಲ್ ಕಲಿಸಬೇಕೆಂದು ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆದುಕೊಟ್ಟಿದ್ದಾರೆ. ಮುಖ್ಯ ಶಿಕ್ಷಕರು ಬೇಡವೆನ್ನಲಿಲ್ಲ. ದೈಹಿಕ ಶಿಕ್ಷಣ ಶಿಕ್ಷಕರು ನಮ್ಮಲ್ಲಿಗೆ ವಾರಕ್ಕೆ ಎರಡು ದಿನ ಮಾತ್ರ ಬರುತ್ತಾರೆ, ಎಳೆಯ ಮಕ್ಕಳ ಬೆರಳು ಉಳುಕಿದರೆ ಪೋಷಕರು ಕೇಳುತ್ತಾರೆ, ಸಂಜೆ ನಿಲ್ಲಿಸಿಕೊಂಡರೆ ಅಕ್ಕಪಕ್ಕದ ಊರಿನ ಮಕ್ಕಳಿಗೆ ಬಸ್ಸು ತಪ್ಪುತ್ತದೆ ಎಂದು ತಮ್ಮ ಆತಂಕಗಳನ್ನು ಹೇಳಿ, ಸಮಿತಿಯ ಸಭೆಯಲ್ಲಿ ಮಾತನಾಡೋಣ ಎಂದಿದ್ದಾರೆ.

ನಮ್ಮೂರಿನಲ್ಲಿ ಹಬ್ಬದ ಹೊತ್ತಿಗೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯುತ್ತದೆ. ಗಂಡುಮಕ್ಕಳು ಅಣ್ಣಂದಿರ ಜೊತೆ ನಿಂತು, ನೋಡಿ, ಚೆಂಡು ಹೆಕ್ಕಿಕೊಟ್ಟು ಅಲ್ಲಿಯೇ ಅರ್ಧ ಆಟ ಕಲಿತುಬಿಡುತ್ತಾರೆ. ರಾತ್ರಿ ಹತ್ತು ಗಂಟೆಗೆ ಹೆಣ್ಣುಮಕ್ಕಳನ್ನು ಯಾರು ಕಳುಹಿಸುತ್ತಾರೆ? ಅವರಿಗೆ ಕಲಿಯಲು ಇರುವುದು ಶಾಲೆಯೊಂದೇ. ಸಭೆಗೆ ಹೋಗುವ ಮೊದಲು, ಈ ವಯಸ್ಸಿನವರಿಗೆ ಇದು ಸರಿಯಾದ ಆಟವೇ, ಎಲ್ಲಿಂದ ಆರಂಭಿಸಬೇಕು, ಹಣವನ್ನು ಹೇಗೆ ಹೊಂದಿಸಬೇಕು ಎಂಬುದನ್ನು ಬಲ್ಲವರಿಂದ ತಿಳಿಯಬೇಕಾಗಿದೆ.

ಉತ್ತರ 1: ದೈಹಿಕ ಶಿಕ್ಷಣ ಶಿಕ್ಷಕ, ಮದ್ದೂರು

ಮೇಡಂ, ಸರಿಯಾದ ವಯಸ್ಸು ಇದೇ. ಎಂಟನೇ ತರಗತಿ ಮುಗಿಸಿ ಪ್ರೌಢಶಾಲೆಯಲ್ಲಿ ಆರಂಭಿಸುತ್ತೇವೆಂದರೆ ಆಗಲೇ ತಡವಾಗಿರುತ್ತದೆ. ಕಬಡ್ಡಿ, ಖೋ ಖೋ ಆಟಗಳಿಗೆ ಬೇಕಾದ ಓಟ ಮತ್ತು ಹಿಡಿತ ಹಳ್ಳಿಯ ಮಕ್ಕಳಲ್ಲಿ ಸಹಜವಾಗಿಯೇ ಇರುತ್ತವೆ. ಆದರೆ ಎರಡು ಮುಂಗೈಗಳನ್ನು ಜೋಡಿಸಿ, ಮೊಣಕಾಲು ಬಗ್ಗಿಸಿ, ಬರುವ ಚೆಂಡಿನ ಕೆಳಗೆ ಮೈಯನ್ನು ಒಯ್ದು ಅಂಡರ್‌ಹ್ಯಾಂಡ್ ಪಾಸ್ ಕೊಡುವ ಕ್ರಿಯೆ ಮನುಷ್ಯರಿಗೆ ಹುಟ್ಟಿನಿಂದ ಬರುವಂಥದ್ದಲ್ಲ. ಅದನ್ನು ಸಾವಿರಾರು ಸಲ ಮಾಡಿ ಮೈಗೆ ಹಿಡಿಸಬೇಕು.

ನಾನು ಕಳೆದ ಆರು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದೇನೆ. ಮೊದಲ ದಿನ ಬಳೆಗಳನ್ನು ಕಳಚಿ ಜಾಮಿಟ್ರಿ ಬಾಕ್ಸಿನಲ್ಲಿಟ್ಟು ಬರುತ್ತಾರೆ, ಅರ್ಧ ಗಂಟೆಯೊಳಗೆ ಎಲ್ಲರ ಮುಂಗೈಗಳೂ ಕೆಂಪಾಗಿರುತ್ತವೆ. ಕಲಿಯುವವರು ಆಟ ಬಿಡುವುದು ಹೆಚ್ಚಾಗಿ ಈ ನೋವಿನಿಂದಲೇ. ಅದಕ್ಕೆ ಮುಖ್ಯ ಕಾರಣ ಚೆಂಡು. ವಾಲಿಬಾಲ್ ಚೆಂಡಿನ ತೂಕ 260ರಿಂದ 280 ಗ್ರಾಂ ಇರಬೇಕು. ಶಾಲೆಗಳಲ್ಲಿ ಉಳಿದಿರುವ ಹಳೆಯ ಚೆಂಡುಗಳು ಮಳೆಯಲ್ಲಿ ನೆನೆದು ಭಾರವಾಗಿರುತ್ತವೆ, ಸಾಲದ್ದಕ್ಕೆ ಅವಕ್ಕೆ ಕಲ್ಲಿನಂತಾಗುವಷ್ಟು ಗಾಳಿ ತುಂಬಿರುತ್ತಾರೆ. ಮೆತ್ತಗಿನ ಎರಡು ಹೊಸ ಚೆಂಡುಗಳನ್ನು ತಂದು, ಗಾಳಿಯನ್ನು ಸ್ವಲ್ಪ ಕಡಿಮೆ ಇಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಬೆರಳು ಉಳುಕುವುದು ಹೆಚ್ಚಾಗಿ ಬ್ಲಾಕ್ ಮಾಡುವಾಗ (ಎದುರಾಳಿಯ ಹೊಡೆತವನ್ನು ನೆಟ್ ಬಳಿ ಹಾರಿ ತಡೆಯುವಾಗ) ಮತ್ತು ಬೆರಳುಗಳನ್ನು ನೆಟ್ಟಗೆ ಚಾಚಿ ಚೆಂಡಿಗೆ ಕೊಡುವಾಗ. ಆದ್ದರಿಂದ ಮೊದಲ ಎರಡು ತಿಂಗಳು ಬ್ಲಾಕ್ ಮತ್ತು ಸ್ಮ್ಯಾಶ್ (ಹಾರಿ ಬಲವಾಗಿ ಹೊಡೆಯುವುದು) ಎರಡನ್ನೂ ಬದಿಗಿಟ್ಟು ಪಾಸ್, ಲಿಫ್ಟ್ (ಚೆಂಡನ್ನು ಬೆರಳುಗಳಿಂದ ಮೇಲಕ್ಕೆ ಎತ್ತಿಕೊಡುವುದು), ಅಂಡರ್‌ಹ್ಯಾಂಡ್ ಸರ್ವ್ ಇಷ್ಟನ್ನೇ ಕಲಿಸಿರಿ.

ಮಹಿಳೆಯರ ಪಂದ್ಯಗಳಲ್ಲಿ ನೆಟ್‌ನ ಎತ್ತರ 2.24 ಮೀಟರ್. ನಿಮ್ಮಲ್ಲಿ ಗಂಡುಮಕ್ಕಳಿಗೆ ಕಟ್ಟಿದ ನೆಟ್ ಇನ್ನೂ ಮೇಲಿರಬಹುದು. ಅದನ್ನು ಎರಡು ಮೀಟರಿಗೆ ಇಳಿಸಿ, 18 ಮೀಟರ್ ಉದ್ದ, 9 ಮೀಟರ್ ಅಗಲದ ಪೂರ್ಣ ಕೋರ್ಟಿನ ಬದಲು 12 ಮೀಟರ್ ಉದ್ದ, 6 ಮೀಟರ್ ಅಗಲಕ್ಕೆ ಸುಣ್ಣದ ಗೆರೆ ಎಳೆದು, ಒಂದು ಕಡೆಗೆ ನಾಲ್ವರಂತೆ ಆಡಿಸಿರಿ. ಆಗ ಪ್ರತಿಯೊಬ್ಬ ಹುಡುಗಿಗೂ ಹೆಚ್ಚು ಸಲ ಚೆಂಡು ಸಿಗುತ್ತದೆ. ಆರು ಜನರನ್ನು ದೊಡ್ಡ ಕೋರ್ಟಿನಲ್ಲಿ ನಿಲ್ಲಿಸಿದರೆ ಚೆನ್ನಾಗಿ ಆಡುವ ಇಬ್ಬರೇ ಓಡಾಡುತ್ತಾರೆ, ಉಳಿದವರು ನೋಡುತ್ತಾ ನಿಲ್ಲುತ್ತಾರೆ.

ಹಣದ ಬಗ್ಗೆ ಕೇಳಿದ್ದೀರಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ಅದರಲ್ಲಿ ಏನೇನು ಕೊಳ್ಳಲಾಗಿದೆ, ಆ ಸಾಮಗ್ರಿ ಯಾರ ಕೈಗೆ ಸಿಗುತ್ತಿದೆ ಎಂದು ಕೇಳುವ ಹಕ್ಕು ಸಮಿತಿಯ ಸದಸ್ಯೆಯಾದ ನಿಮಗಿದೆ. ಶಿಕ್ಷಕರ ಕೊರತೆಯ ವಿಷಯದಲ್ಲಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದು ಹೇಳುತ್ತದೆ. ನಿಮ್ಮ ದಾಖಲಾತಿ ಅಷ್ಟಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯಲು ಅದೊಂದೇ ಆಧಾರ ಸಾಕು.

ಉತ್ತರ 2: ಮಾಜಿ ಆಟಗಾರ್ತಿ, ಸರಸ್ವತಿಪುರಂ, ಮೈಸೂರು

ಮೇಷ್ಟ್ರು ತಡವಾಗುತ್ತದೆ ಎಂದದ್ದು ಎಷ್ಟು ನಿಜವೆಂಬುದನ್ನು ನಾನು ಅನುಭವಿಸಿದ್ದೇನೆ. ನಾನು ಓದಿದ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಥ್ರೋಬಾಲ್ ಮಾತ್ರ ಇತ್ತು. ಐದು ವರ್ಷ ಆಡಿ, ಪಿಯುಸಿಗೆ ಬಂದ ಮೇಲೆ ವಾಲಿಬಾಲ್ ತಂಡಕ್ಕೆ ಸೇರಿದೆ. ಥ್ರೋಬಾಲ್‌ನಲ್ಲಿ ಚೆಂಡನ್ನು ಎರಡು ಕೈಗಳಿಂದ ಹಿಡಿದು ಮೂರು ಸೆಕೆಂಡಿನೊಳಗೆ ಎಸೆಯಬೇಕು, ವಾಲಿಬಾಲ್‌ನಲ್ಲಿ ಹಿಡಿದರೇ ತಪ್ಪು. ತಲೆಯ ಮೇಲೆ ಚೆಂಡು ಬಂದಾಗಲೆಲ್ಲ ನನ್ನ ಕೈಗಳು ನನ್ನನ್ನು ಕೇಳದೆ ಮುಚ್ಚಿಕೊಳ್ಳುತ್ತಿದ್ದವು, ಅಂಪೈರ್ ಸೀಟಿ ಊದುತ್ತಿದ್ದರು. ಆ ಅಭ್ಯಾಸ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು, ಅಷ್ಟರಲ್ಲಿ ಪಿಯುಸಿಯೇ ಮುಗಿಯಿತು. ನನ್ನ ಎತ್ತರವನ್ನಾಗಲಿ ಶಕ್ತಿಯನ್ನಾಗಲಿ ದೂರುವಂತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಯಾರಾದರೂ ಆ ನೆಟ್‌ನ ಕೆಳಗೆ ನಿಲ್ಲಿಸಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಕುಳ್ಳಗಿರುವ ಹುಡುಗಿಯರನ್ನು ಮೊದಲೇ ಬಿಟ್ಟುಬಿಡಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. 1998ರಿಂದ ಅಂತರರಾಷ್ಟ್ರೀಯ ಆಟದಲ್ಲಿ ಲಿಬೆರೊ ಎಂಬ ಸ್ಥಾನವಿದೆ. ಬೇರೆ ಬಣ್ಣದ ಜರ್ಸಿ ತೊಟ್ಟು, ಹಿಂದಿನ ಸಾಲಿನಲ್ಲಿ ನಿಂತು, ನೆಲಕ್ಕೆ ಬೀಳುವ ಚೆಂಡನ್ನು ಎತ್ತಿಕೊಡುವುದೇ ಅವಳ ಕೆಲಸ. ಅಲ್ಲಿ ಬೇಕಾಗಿರುವುದು ಚುರುಕುತನವೇ ಹೊರತು ಎತ್ತರವಲ್ಲ. ವಾಲಿಬಾಲ್ ಮೊದಲ ಸಲ ಒಲಿಂಪಿಕ್ಸ್‌ಗೆ ಸೇರಿದ್ದು 1964ರ ಟೋಕಿಯೊದಲ್ಲಿ, ಅಲ್ಲಿ ಚಿನ್ನ ಗೆದ್ದ ಜಪಾನಿನ ಮಹಿಳಾ ತಂಡದ ಹೆಚ್ಚಿನವರು ಒಂದು ನೂಲಿನ ಗಿರಣಿಯ ಉದ್ಯೋಗಿಗಳು. ತಮಗಿಂತ ಎತ್ತರದ ಸೋವಿಯತ್ ತಂಡವನ್ನು ಅವರು ಸೋಲಿಸುವುದಕ್ಕೆ ಮುಖ್ಯ ಆಧಾರವಾದದ್ದು ನೆಲಕ್ಕೆ ಬಿದ್ದು ಉರುಳಿ ಚೆಂಡನ್ನು ಎತ್ತುವ ಅಭ್ಯಾಸ.

ಇನ್ನೊಂದು ವಿಷಯವನ್ನು ಸಭೆಯಲ್ಲಿ ಮಹಿಳಾ ಸದಸ್ಯರೇ ಎತ್ತಬೇಕು. ಏಳು, ಎಂಟನೇ ತರಗತಿಯ ಹುಡುಗಿಯರು ಆಟ ಬಿಡುವುದಕ್ಕೆ ಬೆರಳು ನೋವಿಗಿಂತ ದೊಡ್ಡ ಕಾರಣ ಮುಟ್ಟಿನ ದಿನಗಳು ಮತ್ತು ಬಟ್ಟೆ. ಶುಚಿ ಯೋಜನೆಯ ಪ್ಯಾಡ್‌ಗಳು ಶಾಲೆಗೆ ಬಂದರೂ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮಕ್ಕಳು ಆ ದಿನ ಮೈದಾನಕ್ಕೆ ಇಳಿಯುವುದಿಲ್ಲ, ಕೆಲವರು ಶಾಲೆಗೇ ಬರುವುದಿಲ್ಲ. ಬಟ್ಟೆಗೆ ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್ ಮತ್ತು ಸಡಿಲವಾದ ಟೀ ಶರ್ಟ್ ಕೊಡಿಸಿರಿ. ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ಡೈವ್ ಮಾಡಲು ಆಗುವುದಿಲ್ಲ.

ಉತ್ತರ 3: ನಿವೃತ್ತ ಮುಖ್ಯ ಶಿಕ್ಷಕ, ಶ್ರೀರಂಗಪಟ್ಟಣ

ತಂಗಿಯವರ ಮಾತಿಗೆ ಒಂದು ತಿದ್ದುಪಡಿ. ವಾಲಿಬಾಲ್ ತರುವ ಉತ್ಸಾಹದಲ್ಲಿ ಥ್ರೋಬಾಲ್ ನಿಲ್ಲಿಸುವುದು ಬೇಡ. ಮನೆಗೆಲಸ ಮಾಡಿ, ತಮ್ಮ ತಂಗಿಯರನ್ನು ನೋಡಿಕೊಂಡು ಬರುವ ಎಷ್ಟೋ ಹುಡುಗಿಯರು ಮೊದಲ ಬಾರಿಗೆ ಅಂಗಳಕ್ಕೆ ಇಳಿದದ್ದು ಆ ಆಟಕ್ಕಾಗಿಯೇ, ಏಕೆಂದರೆ ಅದನ್ನು ಮೊದಲ ದಿನವೇ ಆಡಿ ಸಂತೋಷಪಡಬಹುದು. ಎರಡೂ ಇರಲಿ, ಆಯ್ಕೆ ಮಕ್ಕಳದಾಗಿರಲಿ. ಸಮಯದ ಬಗ್ಗೆ ನನ್ನ ಸಲಹೆ ಇಷ್ಟೇ: ಸಂಜೆಯ ಯೋಚನೆ ಬಿಟ್ಟು ಬೆಳಗಿನ ಪ್ರಾರ್ಥನೆಗೆ ಮುಂಚಿನ ನಲವತ್ತು ನಿಮಿಷಗಳನ್ನು ತೆಗೆದುಕೊಳ್ಳಿ. ನಮ್ಮ ಕಡೆಯ ಮಕ್ಕಳು ಬಸ್ಸಿನ ವೇಳೆಯಿಂದಾಗಿ ಹೇಗೂ ಬೇಗ ಬಂದು ಜಗಲಿಯ ಮೇಲೆ ಕುಳಿತಿರುತ್ತಾರೆ. ದೈಹಿಕ ಶಿಕ್ಷಣ ಶಿಕ್ಷಕರು ಬಾರದ ದಿನ ಒಬ್ಬ ಶಿಕ್ಷಕಿ ಅಲ್ಲಿದ್ದರೆ ಸಾಕು, ಪಾಸ್ ಅಭ್ಯಾಸವನ್ನು ಎಂಟನೇ ತರಗತಿಯವರೇ ಆರನೆಯವರಿಗೆ ಮಾಡಿಸಬಲ್ಲರು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ನಿನ್ನೆ ಸಭೆ ನಡೆಯಿತು. ಅನುದಾನದ ಲೆಕ್ಕ ಕೇಳಿದಾಗ ಬೀರುವಿನಲ್ಲಿ ಇನ್ನೂ ಪ್ಲಾಸ್ಟಿಕ್ ಕವರ್ ಬಿಚ್ಚದ ಒಂದು ಚೆಂಡು ಸಿಕ್ಕಿತು, ಇನ್ನೆರಡನ್ನು ತರಲು ಒಪ್ಪಿದ್ದಾರೆ. ಬೆಳಗಿನ ನಲವತ್ತು ನಿಮಿಷಕ್ಕೆ ಮುಖ್ಯ ಶಿಕ್ಷಕರೂ ಒಪ್ಪಿ, ವಿಜ್ಞಾನದ ಮೇಡಂ ತಾವು ನಿಲ್ಲುವುದಾಗಿ ಹೇಳಿದರು. ಶೌಚಾಲಯದ ಮೇಲಿನ ನೀರಿನ ಟ್ಯಾಂಕಿನ ಪೈಪು ಒಡೆದಿದೆಯೆಂದು ನಮಗೆ ಗೊತ್ತಾದದ್ದೇ ಈ ಚರ್ಚೆಯಿಂದ. ಅದು ಸರಿಯಾಗುವವರೆಗೂ ನಾನು ಬಿಡುವುದಿಲ್ಲ. ಅರ್ಜಿ ಕೊಟ್ಟವರು ಒಂಬತ್ತು ಜನ, ಪಟ್ಟಿಯಲ್ಲಿ ಈಗ ಇಪ್ಪತ್ತೆರಡು ಹೆಸರುಗಳಿವೆ. ಮದ್ದೂರಿನ ಮೇಷ್ಟ್ರು ಒಂದು ಶನಿವಾರ ಬಿಡುವು ಮಾಡಿಕೊಂಡು ಬಂದು ಮೊದಲ ಪಾಠ ಹೇಳಿಕೊಡಲು ಸಾಧ್ಯವೇ? ಅಷ್ಟರೊಳಗೆ ಅಂಗಳದ ಕಲ್ಲುಗಳನ್ನು ಆಯ್ದು, ನೀರು ಚಿಮುಕಿಸಿ, ನೆಟ್ ಅನ್ನು ಎರಡು ಮೀಟರಿಗೆ ಇಳಿಸಿರುತ್ತೇವೆ.